ನಾಲ್ಕು ದಿನದ ಬುತ್ತಿ

ನಮ್ಮ ಕಡೆ ಊಟಕ್ಕೂ ಬುತ್ತಿಗೂ ಭೇದವುಂಟು. ಮನೆಯಲ್ಲಿ ಕುಳಿತು ಉಂಡದ್ದು ಊಟ. ಕಟ್ಟಿಕೊಂಡು ಹೋಗಿ ಹೊಲದ ಬದುವಿನಲ್ಲೋ ಹಳ್ಳದ ದಂಡೆಯಲ್ಲೋ ಬಿಚ್ಚಿ ಉಂಡದ್ದು ಬುತ್ತಿ. ಮೊಸರಿನಲ್ಲಿ ಕಲಸಿದ ಅನ್ನವನ್ನೂ ಬುತ್ತಿಯೆಂದೇ ಕರೆಯುತ್ತೇವೆ; ಆದರೆ ಇಂದು ನಾನು ಹೇಳಹೊರಟಿರುವುದು ದಾರಿಯ ಬುತ್ತಿಯ ಮಾತು. ಬಾದಾಮಿಯಿಂದ ಗುಡ್ಡದ ಕಾಲುದಾರಿ ಹಿಡಿದು ಮಹಾಕೂಟಕ್ಕೆ ಬರುವ ಜನ ವಿಷ್ಣುಪುಷ್ಕರಣಿಯಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನ ಪಡೆದು, ಮರದ ನೆರಳಿನಲ್ಲಿ ಗಂಟು ಬಿಚ್ಚುವುದನ್ನು ಬಾಲ್ಯದಿಂದ ನೋಡುತ್ತ ಬಂದವಳು ನಾನು. ಆ ದೇವರಿಗೆ ಚಾಲುಕ್ಯ ಮಂಗಲೇಶನ ಕಾಲದಲ್ಲಿ ಹತ್ತು ಊರುಗಳ ದತ್ತಿ ಇದ್ದಿತೆಂದು ಮಹಾಕೂಟದ ಕಂಬದ ಶಾಸನ ಹೇಳುತ್ತದೆ. ಆ ಕಂಬ ಈಗ ವಿಜಯಪುರದ ಗೋಳಗುಮ್ಮಟದ ಸಂಗ್ರಹಾಲಯದಲ್ಲಿದೆ. ದೇವರಿಗೆ ಅರಸರ ದತ್ತಿ. ದೇವರನ್ನು ನೋಡಲು ಬಂದವನಿಗೆ ಮಾತ್ರ ಅವನ ಮನೆಯ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಕಟ್ಟಿಕೊಟ್ಟ ಗಂಟೇ ದತ್ತಿ.

ಈ ಹಳೆಯ ಸಂಗತಿಯನ್ನು ಹೊಸದಾಗಿ ಯೋಚಿಸುವಂತೆ ಮಾಡಿದವಳು ನನ್ನ ತಂಗಿಯ ಮಗಳು. ಆಕೆ ವಿಮಾನದಲ್ಲಿ ಗಗನಸಖಿ. ಒಮ್ಮೆ ಮನೆ ಬಿಟ್ಟರೆ ಮೂರು ದಿನ, ನಾಲ್ಕು ದಿನ. ಇಂದು ಒಂದು ಊರು, ನಾಳೆ ಮತ್ತೊಂದು. "ದೊಡ್ಡವ್ವಾ, ದಿನಾ ಹೋಟೆಲಿನ ಊಟ ಹೊಟ್ಟಿಗೂ ಭಾರ, ರೊಕ್ಕಕ್ಕೂ ಭಾರ. ನಾಕು ದಿನಕ್ಕ ಏನ ಕಟ್ಟಿಕೊಂಡು ಹೋಗಲಿ?" ಎಂದು ಕೇಳಿದಳು. ಅವರಿಗೆ ಪ್ರಯಾಣದ ಭತ್ಯೆ ದೊರೆಯುತ್ತದೆ, ನಿಜ. ಅದನ್ನು ಹೋಟೆಲಿಗೆ ಸುರಿಯದೆ ಉಳಿಸಿದರೆ ಊರಿಗೆ ಕಳುಹಿಸಬಹುದೆಂಬ ಲೆಕ್ಕ ಅವಳದು. ನಡುರಾತ್ರಿಗೆ ಇಳಿದಾಗ ತೆರೆದಿರುವುದು ಹೆಚ್ಚಾಗಿ ಕರಿದ ತಿಂಡಿಯ ಅಂಗಡಿಗಳು ಮಾತ್ರ ಎಂಬುದು ಇನ್ನೊಂದು ತೊಂದರೆ.

ನಾನು ಕೂಡಲೇ ಉತ್ತರ ಕೊಡಲಿಲ್ಲ. ವಿಮಾನದೊಳಗಿನ ಹವೆ ನಮ್ಮ ಹೊಲದ ಹವೆಯಲ್ಲ. ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿರುವಾಗ ಅದರೊಳಗಿನ ವಾಯುವಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಗುಡ್ಡದ ಮೇಲಿನ ಒತ್ತಡಕ್ಕೆ ಸಮನಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿಗೆ ತುಸು ಮೇಲೆ. ಅದರ ಮೇಲೆ ದಿನವೂ ದುಡಿದಂತೆಯೇ ಸರಿ. ಅಲ್ಲಿ ಹೊಟ್ಟೆಯೊಳಗಿನ ವಾಯು ಕಾಲು ಭಾಗಕ್ಕೂ ಮೀರಿ ಹಿಗ್ಗುತ್ತದೆ. ಗಾಳಿಯಲ್ಲಿ ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತಲೂ ಕಡಿಮೆ. ಬಾಯಿ ಒಣಗುತ್ತದೆ, ನಾಲಗೆಯ ರುಚಿ ಮಂದವಾಗುತ್ತದೆ. ಆದ್ದರಿಂದ ಹಾರುವ ದಿನ ಮಡಿಕೆಕಾಳು, ಅಲಸಂದಿ, ಕಡಲೆಬೇಳೆಯ ಪಲ್ಯಗಳು ಬೇಡ. ಅವು ನೆಲದ ಮೇಲೆ ತಂಗಿದ ದಿನಕ್ಕಿರಲಿ. ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಯೂ ಅಂದು ಬೇಡ. ಇದು ಆರೋಗ್ಯದ ಮಾತಲ್ಲ. ನೂರಾರು ಜನರ ಮುಖಕ್ಕೆ ಮುಖ ಕೊಟ್ಟು ಮಾತನಾಡಬೇಕಾದವರ ಮರ್ಯಾದೆಯ ಮಾತು.

ಇದಕ್ಕಿಂತಲೂ ಹಿರಿದಾದ ಎಚ್ಚರಿಕೆ ಇನ್ನೊಂದಿದೆ. 1975ರ ಫೆಬ್ರುವರಿಯಲ್ಲಿ ಜಪಾನಿನ ವಿಮಾನವೊಂದು ಟೋಕಿಯೋದಿಂದ ಅಲಾಸ್ಕದ ಆಂಕರೇಜ್ ಮಾರ್ಗವಾಗಿ ಕೋಪನ್‌ಹೇಗನ್ನಿಗೆ ಹೊರಟಿತ್ತು. ಅದರಲ್ಲಿದ್ದ ಪ್ರಯಾಣಿಕರು 344. ಬೆಳಗಿನ ಉಪಾಹಾರ ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ ಅವರಲ್ಲಿ 196 ಜನ ವಾಂತಿಭೇದಿಯಿಂದ ನರಳತೊಡಗಿದರು. ಪರಿಚಾರಿಕೆಯೊಬ್ಬಳೂ ಅವರೊಡನೆ ಮಲಗಿದಳು. ಆಂಕರೇಜಿನಲ್ಲಿ ಅಡುಗೆ ಮಾಡಿದವನೊಬ್ಬನ ಬೆರಳಿನಲ್ಲಿ ಕೀವಾದ ಗಾಯವಿತ್ತು. ಅವನು ಮುಟ್ಟಿದ ಮಾಂಸದ ತುಂಡುಗಳು ತಣ್ಣಗಿನ ಪೆಟ್ಟಿಗೆ ಸೇರದೆ ತಾಸುಗಟ್ಟಲೆ ಹೊರಗಿದ್ದವು. ಅಷ್ಟರಲ್ಲಿ ಗಾಯದ ರೋಗಾಣು ಬೆಳೆದು ವಿಷ ಕಾರಿತ್ತು. ಮತ್ತೆ ಬಿಸಿ ಮಾಡಿದರೆ ರೋಗಾಣು ಸಾಯಬಹುದು, ಅದು ಬಿಟ್ಟ ವಿಷ ಸಾಯುವುದಿಲ್ಲ. ಚಾಲಕರು ಉಳಿದುಕೊಂಡದ್ದು ಹೇಗೆ ಬಲ್ಲಿರಾ? ಅವರು ಆಂಕರೇಜಿನಲ್ಲಿ ವಿಮಾನ ಹತ್ತಿದವರು. ಅವರ ಹೊಟ್ಟೆಗೆ ಅದು ರಾತ್ರಿಯ ಊಟದ ಹೊತ್ತು. ಅವರು ಉಪಾಹಾರ ಬಿಟ್ಟು ಬೇರೊಂದು ಊಟ ಉಂಡಿದ್ದರು. ಮುಖ್ಯ ಚಾಲಕನೂ ಸಹಚಾಲಕನೂ ಒಂದೇ ಅಡುಗೆಯನ್ನು ಉಣ್ಣಕೂಡದೆಂಬ ಪದ್ಧತಿಯನ್ನು ಇಂದು ಅನೇಕ ವಿಮಾನ ಸಂಸ್ಥೆಗಳು ಪಾಲಿಸುತ್ತವೆ. ಮನೆಯ ಬುತ್ತಿ ಎಂದೊಡನೆ ಅಮೃತವೆಂದು ನಂಬುವ ನಮ್ಮಂಥವರು ಇದನ್ನು ಮರೆಯಬಾರದು. ಬೇಯಿಸಿದ ಹಸಿ ಅಡುಗೆಯನ್ನು ಕೋಣೆಯ ಶಾಖದಲ್ಲಿ ಎರಡು ತಾಸಿಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳ ಚೀಲವಾದರೋ ನಾಲ್ಕು ದಿನ ಹೊರಗಿರುವಂಥದು.

ಹಾಗಾದರೆ ನಾಲ್ಕು ದಿನ ಕೆಡದ ಆಹಾರ ಯಾವುದು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಎಂದೋ ಬಿಡಿಸಿಟ್ಟಿದ್ದಾರೆ. ಯುಗಾದಿಯ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯಿಂದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲ ಮಲ್ಲಯ್ಯನ ಕಡೆಗೆ ನಡೆಯುತ್ತಾರೆ. ಹತ್ತು ಹನ್ನೆರಡು ದಿನದ ನಡಿಗೆ. ರಾಯಚೂರು ಸೀಮೆ ದಾಟಿ, ಆತ್ಮಕೂರು ದಾಟಿ, ವೆಂಕಟಾಪುರದಿಂದ ನಲ್ಲಮಲದ ಅಡವಿ ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ಏರಿ ಇಳಿದು ಕೈಲಾಸದ್ವಾರ ಸೇರಬೇಕು. ಚೈತ್ರದ ಹೊಸ್ತಿಲಿನ ಬಿಸಿಲು. ಈಗ ದಾರಿಯುದ್ದಕ್ಕೂ ಅನ್ನದಾಸೋಹಗಳುಂಟು. ಅಲ್ಲಿಗೂ ನಮ್ಮ ಹಳ್ಳಿಗಳಿಂದ ಮೂಟೆಗಟ್ಟಲೆ ಖಡಕ್ ರೊಟ್ಟಿ ಹೋಗುತ್ತದೆ.

ಖಡಕ್ ರೊಟ್ಟಿಯ ಗುಟ್ಟು ಅದರಲ್ಲಿ ಇರುವುದರಲ್ಲಿಲ್ಲ, ಇಲ್ಲದಿರುವುದರಲ್ಲಿದೆ. ಕುದಿವ ಎಸರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಚೆನ್ನಾಗಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ ಬೇಯಿಸುತ್ತಾರೆ. ಬಳಿಕ ಒಲೆಯ ಬದಿಗೆ ನಿಲ್ಲಿಸಿ ಸಣ್ಣ ಕಾವಿನಲ್ಲಿ ನೀರನ್ನೆಲ್ಲ ಹೊರಹಾಕುತ್ತಾರೆ. ನೀರಿಲ್ಲವಾದ್ದರಿಂದ ಬೂಷ್ಟು ಹತ್ತದು, ಎಣ್ಣೆಯಿಲ್ಲವಾದ್ದರಿಂದ ಕಮಟು ಹಿಡಿಯದು. ಚಪಾತಿಗೆ ಈ ಗುಣವಿಲ್ಲ. ಅದು ಮೃದುವಾಗಿರುವಷ್ಟು ಕಾಲ ತೇವವಾಗಿಯೂ ಇರುತ್ತದೆ, ಎರಡನೆಯ ದಿನಕ್ಕೆ ನೂಲು ಬಿಡುತ್ತದೆ. ಜೋಳದಲ್ಲಿ ನೂರಕ್ಕೆ ಹತ್ತು ಪಾಲು ಪ್ರೋಟೀನು ಇದೆ. ಆದರೆ ಲೈಸಿನ್ ಎಂಬ ಒಂದು ಅಂಶ ಅದರಲ್ಲಿ ಕೊರತೆ. ಆ ಕೊರತೆಯನ್ನು ತುಂಬುವುದು ಕಾಳುಬೇಳೆ. ರೊಟ್ಟಿಯೊಡನೆ ಪುಟಾಣಿ ಚಟ್ನಿಯನ್ನು ಇಟ್ಟವರು ಲೈಸಿನ್ನಿನ ಹೆಸರು ಕೇಳಿರಲಿಲ್ಲ. ಇಟ್ಟಿದ್ದಂತೂ ಸರಿಯಾಗಿಯೇ ಇತ್ತು. ಶೇಂಗಾದಲ್ಲಿ ನೂರಕ್ಕೆ ಇಪ್ಪತ್ತೈದು ಪಾಲು ಪ್ರೋಟೀನು, ನಲವತ್ತು ಪಾಲು ಎಣ್ಣೆ. ಒಂದು ಹಿಡಿ ಶೇಂಗಾ ಚಟ್ನಿ ಒಂದು ಹೊತ್ತಿನ ಕಸುವು. ಅಗಸಿ ಮತ್ತು ಗುರೆಳ್ಳಿನ ಚಟ್ನಿಗಳು ಇವುಗಳ ಸಂಗಾತಿಗಳು. ಹುನಗುಂದದ ಕಡೆಯವರಾದರೆ ಅಮೀನಗಡದ ಕರದಂಟಿನ ಎರಡು ತುಂಡುಗಳನ್ನು ಕಟ್ಟದೆ ಬಿಡುವುದಿಲ್ಲ; ಬೆಲೆ ಹೆಚ್ಚೆನ್ನುವವರಿಗೆ ಬೆಲ್ಲದ ಶೇಂಗಾ ಉಂಡೆ ಸಾಕು.

ಬುತ್ತಿಗೆ ಒಂದು ಕ್ರಮವುಂಟು, ಅದನ್ನು ತಪ್ಪಿಸಬಾರದು. ಮೊದಲು ಕೆಡುವುದನ್ನು ಮೊದಲು ಉಣ್ಣಬೇಕು. ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಕಲಸಿದ ಬುತ್ತಿ ಹೊರಟ ದಿನದ ಮಧ್ಯಾಹ್ನದೊಳಗೆ ಮುಗಿಯಬೇಕು. ಅನ್ನವನ್ನು ಸಂಜೆಯವರೆಗೆ ನಂಬಲಾಗದು. ನೀರು ಆರುವಂತೆ ಹುರಿದ ಪಲ್ಯ, ಜುಣಕದ ವಡೆ ಆ ದಿನದ ರಾತ್ರಿಗೆ. ಅದೂ ತಣ್ಣಗಿನ ಪೆಟ್ಟಿಗೆ ಇದ್ದರೆ ಮಾತ್ರ. ಎರಡನೆಯ ದಿನದಿಂದ ರೊಟ್ಟಿ, ಚಟ್ನಿ, ಶೇಂಗಾ ಹೋಳಿಗೆ, ಒಗ್ಗರಣೆ ಕೊಟ್ಟ ಒಣ ಅವಲಕ್ಕಿ. ಹೊತ್ತಿಗೆ ಎರಡು ರೊಟ್ಟಿಯಂತೆ ಎಣಿಸಿ, ದಾರಿಯಲ್ಲಿ ತಡವಾದರೆಂದು ಎರಡನ್ನು ಹೆಚ್ಚಿಗೆ ಇಡಬೇಕು. ರೊಟ್ಟಿಯನ್ನು ನಾಲ್ಕು ಚೂರು ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಜೋಡಿಸಿದರೆ ಸಣ್ಣ ಚೀಲದಲ್ಲಿಯೂ ಹಿಡಿಯುತ್ತದೆ. ಹೋಟೆಲಿನ ಕೋಣೆಯಲ್ಲಿ ನೀರು ಕಾಯಿಸುವ ಪಾತ್ರೆ ಇರುವುದುಂಟು. ಬಿಸಿನೀರು ಚಿಮುಕಿಸಿದರೆ ರೊಟ್ಟಿ ಮೆತ್ತಗಾಗುತ್ತದೆ.

ಇದು ನಡಿಗೆಯವರ ಶಾಸ್ತ್ರ ಮಾತ್ರವಲ್ಲ. ನಮ್ಮ ಹಳ್ಳಿಗಳಿಗೆ ರಾತ್ರಿ ಬಂದು ನಿಂತು ಬೆಳಗಿಗೆ ಹೊರಡುವ ವಸ್ತಿ ಬಸ್ಸಿನ ಡ್ರೈವರು ಕಂಡಕ್ಟರುಗಳನ್ನು ನೋಡಿದವರಿಗೆ ಗೊತ್ತು, ಸೀಟಿನ ಹಿಂದೆ ತೂಗುಹಾಕಿದ ಚೀಲದಲ್ಲಿ ಏನಿರುತ್ತದೆಂಬುದು. ಬಸ್ಸಿನವರು ಮಾಡಿದ್ದನ್ನು ವಿಮಾನದವರು ಮಾಡಲು ಸಂಕೋಚವೇಕೆ?

ಆದರೂ ನಮ್ಮ ಬುತ್ತಿಯನ್ನು ನಾನು ಪೂರ್ತಿ ಹೊಗಳಲಾರೆ. ಅದರಲ್ಲಿ ಉಪ್ಪೂ ಖಾರವೂ ಹೆಚ್ಚು. ರುಚಿ ಮಂದವಾಗುವ ಎತ್ತರದಲ್ಲಿ ಕೈ ಇನ್ನಷ್ಟು ಉಪ್ಪಿನ ಕಡೆಗೆ ಹೋಗುತ್ತದೆ. ಒಣ ರೊಟ್ಟಿ ಉಂಡವನು ಧಾರಾಳವಾಗಿ ನೀರು ಕುಡಿಯಬೇಕು; ಅಡವಿಯ ದಾರಿಯಲ್ಲಿ ನಡೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ, ವಿಮಾನದಲ್ಲಿ ದುಡಿಯುವವರು ಮರೆಯುತ್ತಾರೆ. ಇನ್ನು ಹಸಿರು. ಬನಶಂಕರಿಗೆ ಶಾಕಂಭರಿ ಎಂದು ಹೆಸರು. ಪಲ್ಯೇದ ಹಬ್ಬದ ದಿನ ಆಕೆಗೆ 108 ಬಗೆಯ ಕಾಯಿಪಲ್ಯೆಗಳ ನೈವೇದ್ಯ. ಆಕೆಯ ಮಕ್ಕಳಾದ ನಾವು ಮಾತ್ರ ನಾಲ್ಕು ದಿನದ ಗಂಟಿನಲ್ಲಿ ಒಂದೂ ಎಲೆಯಿಲ್ಲದೆ ಹೊರಡುತ್ತೇವೆ! ಗಜ್ಜರಿ, ಸೌತೆಕಾಯಿ, ಬಾಳೆಹಣ್ಣುಗಳನ್ನು ಇಳಿದ ಊರಿನಲ್ಲಿ ಕೊಂಡು, ಕಾಯಿಗಳನ್ನು ತೊಳೆದು ತಿನ್ನುವುದು ಒಳಿತು. ಬೇರೆ ದೇಶಕ್ಕೆ ಹೋಗುವವರಂತೂ ಇಲ್ಲಿಂದ ಒಯ್ಯಲೇಬಾರದು. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ತಂದ ತಿನಿಸನ್ನೆಲ್ಲ ಬರೆದು ತೋರಿಸಬೇಕು; ಹಣ್ಣು, ಬೀಜ, ಹಾಲಿನ ಪದಾರ್ಥಗಳಿಗೆ ಬಿಗಿಯಾದ ನಿರ್ಬಂಧಗಳುಂಟು. ಒಣಕೊಬ್ಬರಿಯ ಗಿಟಕನ್ನು ವಿಮಾನದಲ್ಲಿ ಇಡಗೊಡುವುದಿಲ್ಲ. ಅದರ ಎಣ್ಣೆಯಿಂದ ಬೆಂಕಿ ಹತ್ತಬಹುದೆಂಬ ಭಯ.

ಅಗ್ಗದ ಮಾತಿಗೆ ಬರೋಣ. ಬುತ್ತಿ ಅಗ್ಗವೆಂದು ಹೇಳುವವರು ಜೋಳದ ಬೆಲೆ, ಶೇಂಗಾದ ಬೆಲೆ ಕೂಡಿಸುತ್ತಾರೆ. ನಸುಕಿನ ನಾಲ್ಕಕ್ಕೆ ಎದ್ದು ಹೊಗೆಯ ಮುಂದೆ ಕುಳಿತು ನಲವತ್ತು ರೊಟ್ಟಿ ಬಡಿದ ಕೈಯ ಕೂಲಿಯನ್ನು ಯಾವ ಲೆಕ್ಕದಲ್ಲಿಯೂ ನಾನು ಕಂಡಿಲ್ಲ. ಶ್ರೀಶೈಲಕ್ಕೆ ಗಂಡಸರು ನಡೆದ ಪುಣ್ಯದಲ್ಲಿ ಆ ಕೈಗಳಿಗೆ ಎಷ್ಟು ಪಾಲು ಸಂದಿತೋ ಮಲ್ಲಯ್ಯನೇ ಬಲ್ಲ. ನನ್ನ ತಂಗಿಯೂ ಮಗಳ ಪ್ರಯಾಣವಿದ್ದಾಗಲೆಲ್ಲ ರಾತ್ರಿಯೆಲ್ಲ ನಿದ್ದೆಗೆಟ್ಟು ರೊಟ್ಟಿ ಮಾಡತೊಡಗಿದಳು. ಮಗಳ ಭತ್ಯೆ ಉಳಿಯಿತು, ತಾಯಿಯ ಭುಜ ನೋಯಿತು. ಇದು ಉಳಿತಾಯವಲ್ಲ, ಒಬ್ಬಳ ಖರ್ಚನ್ನು ಇನ್ನೊಬ್ಬಳ ಮೈಗೆ ವರ್ಗಾಯಿಸಿದಂತೆ ಎಂದು ಇಬ್ಬರಿಗೂ ಹೇಳಿದೆ. ತಂಗಿಗೆ ಸಿಟ್ಟು ಬಂತು; ಮಗಳು ಸುಮ್ಮನಾದಳು.

ಚೊಳಚಗುಡ್ಡದಲ್ಲಿ, ಬನಶಂಕರಿಯ ಗುಡಿಯ ಎದುರು ಇಳಕಲ್ಲ ಸೀರೆಯುಟ್ಟ ಹೆಂಗಸರು ಬುಟ್ಟಿಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ. ರೊಟ್ಟಿ, ಪಲ್ಯ, ಕೆಂಪು ಖಾರ, ಗಟ್ಟಿ ಮೊಸರು. ಬಂದವರು ಹಣ ಕೊಟ್ಟು ಉಣ್ಣುತ್ತಾರೆ. ಮನೆಯ ರೊಟ್ಟಿಗೆ ಬೆಲೆ ಕಟ್ಟುವುದು ಅಲ್ಲಿ ಯಾರಿಗೂ ನಾಚಿಕೆಯ ಸಂಗತಿಯಲ್ಲ. ಈಗ ನಮ್ಮ ಜಿಲ್ಲೆಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯವರೂ ಜೋಳ, ಸಜ್ಜೆಗಳ ಹೆಸರೆತ್ತುತ್ತಿದ್ದಾರೆ. ನನ್ನ ತಂಗಿಯ ಮಗಳು ಈಗ ಅಂಥದೊಂದು ಸಂಘದಿಂದ ತಿಂಗಳಿಗೊಮ್ಮೆ ರೊಟ್ಟಿ ತರಿಸಿಕೊಳ್ಳುತ್ತಾಳೆ. ಅವರು ಹೇಳಿದ ಬೆಲೆಯಲ್ಲಿ ಚೌಕಾಶಿ ಮಾಡಬಾರದೆಂಬುದು ನಾನು ಹಾಕಿದ ಕರಾರು. ಹಾಗೆ ಕೊಟ್ಟರೂ ಹೋಟೆಲಿನ ಒಂದು ಹೊತ್ತಿನ ಊಟದ ಹಣದಲ್ಲಿ ನಾಲ್ಕು ದಿನದ ರೊಟ್ಟಿ ಬರುತ್ತದೆಂದು ಅವಳೇ ಹೇಳಿದಳು. ಚಟ್ನಿಯನ್ನು ಮಾತ್ರ ಈಗಲೂ ತಾಯಿಯೇ ಮಾಡುತ್ತಾಳೆ. ಅದನ್ನು ಬಿಡಿಸಲು ನನ್ನಿಂದ ಆಗಿಲ್ಲ. ಮಳೆಗಾಲದ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗುವುದರಿಂದ, ಆಷಾಢ ಶ್ರಾವಣಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ತರಿಸಿಕೊಳ್ಳಿರೆಂದು ಸಂಘದವರು ಹೇಳಿ ಕಳುಹಿಸಿದ್ದಾರೆ.