ಅಪ್ಪ ಬೊಮ್ಮಾಯಿ, ಮಗ ಬೊಮ್ಮಾಯಿ

ದೇವೇಗೌಡ-ಕುಮಾರಸ್ವಾಮಿ ಅವರನ್ನು ಬಿಟ್ಟರೆ ಕರ್ನಾಟಕದಲ್ಲಿ ಅಪ್ಪ-ಮಗ ಇಬ್ಬರೂ ಮುಖ್ಯಮಂತ್ರಿ ಆಗಿದ್ದು ಬೊಮ್ಮಾಯಿ ಮನೆಯಲ್ಲಿ ಮಾತ್ರ. ಹಾಗಾಗಿ ಮಗ ಅಪ್ಪನ ಹಾದಿ ಹಿಡಿದರು ಅಂತ ಸುಲಭವಾಗಿ ಹೇಳಿಬಿಡ್ತೀವಿ. ಆದರೆ ಹಾದಿ ಒಂದೇನಾ?

ಹೋಲಿಕೆ ಇದೆ, ಇಲ್ಲ ಅನ್ನೋಕಾಗಲ್ಲ. ಫೋನ್ ಕದ್ದಾಲಿಕೆ ಗದ್ದಲದಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಿದ್ದಕ್ಕೆ 1988ರ ಆಗಸ್ಟ್‌ನಲ್ಲಿ ಎಸ್.ಆರ್. ಬೊಮ್ಮಾಯಿಗೆ ಕುರ್ಚಿ ಸಿಕ್ಕಿತು. ಯಡಿಯೂರಪ್ಪ ಇಳಿದಿದ್ದಕ್ಕೆ 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಗೆ ಸಿಕ್ಕಿತು. ಇಬ್ಬರ ನೆತ್ತಿ ಮೇಲೂ ತಮಗಿಂತ ದೊಡ್ಡ ನಾಯಕನ ನೆರಳು.

ಅಪ್ಪನಿಗೆ ಸಿಕ್ಕಿದ್ದು ಎಂಟು ತಿಂಗಳು, ಮೇಲೆ ಕೆಲವೇ ದಿನ, ನೋಡಿ ಅಲ್ಲೇ ಕಥೆ ಇರೋದು. 1989ರ ಏಪ್ರಿಲ್‌ನಲ್ಲಿ ಶಾಸಕ ಮೊಳಕೇರಿ ಅವರು 19 ಶಾಸಕರ ಪತ್ರ ಹಿಡಿದು ರಾಜ್ಯಪಾಲ ವೆಂಕಟಸುಬ್ಬಯ್ಯ ಅವರ ಹತ್ತಿರ ಹೋದರು. ಸರ್ಕಾರಕ್ಕೆ ನಮ್ಮ ಬೆಂಬಲ ಇಲ್ಲ ಅನ್ನೋದು ಪತ್ರದ ಸಾರಾಂಶ. ಆಮೇಲೆ ಅವರಲ್ಲೇ ಏಳು ಜನ ಮಾತು ಬದಲಿಸಿದರು. ಸದನ ಕರೆಯಿರಿ, ಬಹುಮತ ತೋರಿಸ್ತೀನಿ ಅಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟಲ್ಲಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು: ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಕುರ್ಚಿ ಮಾತ್ರ ವಾಪಸ್ ಬರಲಿಲ್ಲ.

ಈಗ 2018ಕ್ಕೆ ಬನ್ನಿ. ಬಹುಮತ ತೋರಿಸೋಕೆ ಯಡಿಯೂರಪ್ಪಗೆ ರಾಜ್ಯಪಾಲರು 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಮೇ 19ಕ್ಕೇ ಸಾಬೀತು ಮಾಡಿ ಅಂತು. ಮತಕ್ಕೂ ಹಾಕದೆ ಅವರು ರಾಜೀನಾಮೆ ಕೊಟ್ಟರು. ಆವತ್ತು ಬಿಜೆಪಿ ಸಾಲಲ್ಲಿ ಕೂತಿದ್ದ ಶಾಸಕರಲ್ಲಿ ಬಸವರಾಜ ಬೊಮ್ಮಾಯಿ ಕೂಡ ಒಬ್ಬರು. ಅಪ್ಪ ಗೆದ್ದ ತತ್ವಕ್ಕೆ ಮಗನ ಪಕ್ಷದ ಸರ್ಕಾರ ಬಿತ್ತು!

ಮುಂದಿನ ವರ್ಷ ಬೇರೆ ದಾರಿ. ಮೈತ್ರಿಕೂಟದ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು. ಜುಲೈ 23ರಂದು ಕುಮಾರಸ್ವಾಮಿ 99-105ರಲ್ಲಿ ಸೋತರು. ಎಣಿಕೆ ಸದನದಲ್ಲೇ ಆಯ್ತು, ತೀರ್ಪಿನ ಅಕ್ಷರಕ್ಕೆ ಭಂಗ ಇಲ್ಲ. ಆದರೆ ಎಣಿಕೆಗೆ ಮೊದಲೇ ಸದನದಿಂದ ಜನರನ್ನ ಹೊರಗೆ ಕರೆದೊಯ್ದರೆ? ಅದಕ್ಕೆ ಆ ತೀರ್ಪಲ್ಲಿ ಮದ್ದಿಲ್ಲ. ಆ ನಂತರ ಬಂದ ಸರ್ಕಾರದಲ್ಲಿ ಬಸವರಾಜ ಗೃಹ ಸಚಿವರು.

ಇನ್ನೊಂದು ಮಾತು, ಇದು ಹೆಚ್ಚು ಚುಚ್ಚುವಂಥದ್ದು. ಬಾಬ್ರಿ ಮಸೀದಿ ಧ್ವಂಸದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ಬಿಜೆಪಿ ಸರ್ಕಾರಗಳನ್ನ ವಜಾ ಮಾಡಿದ್ದನ್ನ ಎತ್ತಿಹಿಡಿದದ್ದೂ ಅಪ್ಪನ ಹೆಸರಿನ ಇದೇ ತೀರ್ಪು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಅಂದದ್ದೂ ಇದೇ. ಎಂ.ಎನ್. ರಾಯ್ ವಿಚಾರಗಳಿಂದ ಬೆಳೆದ ಎಸ್.ಆರ್. ಬೊಮ್ಮಾಯಿ 2007ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಮಗ ಬಿಜೆಪಿ ಸೇರಿದರು. ದ್ರೋಹ ಅಂತ ನಾನು ಹೇಳಲ್ಲ; ಜನತಾ ಪರಿವಾರ ಚೂರುಚೂರಾದ ಮೇಲೆ ಉತ್ತರ ಕರ್ನಾಟಕದ ಎಷ್ಟೋ ಜನ ಅದೇ ದಾರಿ ಹಿಡಿದರು. ಆದರೆ ಮತಾಂತರ ನಿಷೇಧ ಕಾನೂನು ಬಂದದ್ದು ಮಗ ಮುಖ್ಯಮಂತ್ರಿ ಆಗಿದ್ದಾಗ ಅನ್ನೋದನ್ನ ಪಕ್ಕಕ್ಕಿಟ್ಟು ಅಪ್ಪ-ಮಗನ ಹೋಲಿಕೆ ಮಾಡೋಕಾಗಲ್ಲ.

2023ರಲ್ಲಿ ಬಸವರಾಜ ಶಿಗ್ಗಾವಿಯಲ್ಲಿ ಗೆದ್ದರು, ಸರ್ಕಾರ ಸೋತಿತು. ಲೋಕಸಭೆಗೆ ಹೋಗಿ ಅವರು ಬಿಟ್ಟುಕೊಟ್ಟ ಆ ಸೀಟಿಗೆ 2024ರ ನವೆಂಬರ್‌ನಲ್ಲಿ ಮಗ ಭರತ್ ನಿಂತು ಸೋತರು. ಮೂರನೇ ತಲೆಮಾರಿನ ಕಥೆ ಇನ್ನೊಂದು ಕಂತಿಗೆ ಇರಲಿ.