ಬಂಗಾರಪೇಟೆಯಿಂದ ಮಾರಿಕುಪ್ಪಂಗೆ: ಕ್ರಮ, ಬಾಣ, ಅನಿವಾರ್ಯತೆ

ಒಂದು ಗಣದ ಪ್ರತಿಯೊಂದು ಅಂಶವೂ ತನ್ನೊಡನೆ ತಾನು ಸಂಬಂಧ ಹೊಂದಿದ್ದು, ಮೊದಲನೆಯದು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ ಸಂಬಂಧ ಪಡೆದಾಗ ಮೊದಲನೆಯದಕ್ಕೆ ಮೂರನೆಯದರ ಸಂಬಂಧ ತಾನಾಗಿ ಒದಗುವಂತಿದ್ದರೆ, ಅಂಥ ಸಂಬಂಧವನ್ನು ಪೂರ್ವಕ್ರಮ ಎನ್ನಬಹುದು. ಪರಸ್ಪರ ಸಂಬಂಧವುಳ್ಳ ಎರಡು ಅಂಶಗಳು ಒಂದೇ ಆಗಿರಬೇಕೆಂಬ ಕಟ್ಟಳೆಯೂ ಸೇರಿದರೆ ಅದು ಆಂಶಿಕ ಕ್ರಮವಾಗುತ್ತದೆ. 1945ರಲ್ಲಿ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್ ಲೇನ್ ಪ್ರಕಟಿಸಿದ ಪ್ರಬಂಧದಲ್ಲಿ ರೂಪುಗೊಂಡ ಕ್ಯಾಟಗರಿ ಸಿದ್ಧಾಂತವು ವಸ್ತುಗಳನ್ನು ಅವುಗಳ ನಡುವಿನ ಬಾಣಗಳ ಮೂಲಕ ಅರಿಯುವುದರಿಂದ, ಅದರ ದೃಷ್ಟಿಯಲ್ಲಿ ಪೂರ್ವಕ್ರಮವೆಂದರೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಒಂದೇ ಬಾಣವಿರುವ ಕ್ಯಾಟಗರಿ: ಬಾಣ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲಿ ಉಳಿಯುವ ಪ್ರಶ್ನೆ.

ಪೂರ್ವಕ್ರಮಕ್ಕೂ ಆಂಶಿಕ ಕ್ರಮಕ್ಕೂ ಇರುವ ಭೇದ ಕೋಲಾರ ಚಿನ್ನದ ಗಣಿಗಳ ನೆಲದಡಿಯಲ್ಲಿ ಸ್ಪಷ್ಟವಾಗುತ್ತದೆ. 2001ರ ಫೆಬ್ರವರಿ 28ರಂದು ಮುಚ್ಚಿದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಗಣಿಯೊಳಗಿನ ತಾಣಗಳನ್ನು ಆಳದಿಂದ ಹೋಲಿಸಿದರೆ, ಬೇರೆ ಬೇರೆ ಶಾಫ್ಟ್‌ಗಳಲ್ಲಿ ಸಮಾನ ಆಳದಲ್ಲಿರುವ ಎರಡು ತಾಣಗಳ ನಡುವೆ ಎರಡೂ ದಿಕ್ಕಿಗೆ ಬಾಣಗಳಿರುತ್ತವೆಯಾದರೂ ಅವು ಒಂದೇ ತಾಣವಲ್ಲ. ಕ್ಯಾಟಗರಿ ಸಿದ್ಧಾಂತ ಅವನ್ನು ಸಮರೂಪಿಗಳೆಂದು ಕರೆಯುತ್ತದೆ. ಸಮರೂಪಿಗಳನ್ನು ಒಂದೊಂದು ಗುಂಪಾಗಿ ಸೇರಿಸಿ ಗುಂಪುಗಳನ್ನೇ ವಸ್ತುಗಳಾಗಿ ಎಣಿಸಿದಾಗ ಪೂರ್ವಕ್ರಮದಿಂದ ಆಂಶಿಕ ಕ್ರಮ ದೊರೆಯುತ್ತದೆ, ಆದರೆ ಯಾವ ಶಾಫ್ಟ್ ಎಂಬ ವಿವರ ಅಳಿದುಹೋಗುತ್ತದೆ.

ನೆಲದ ಮೇಲಿನ ಉದಾಹರಣೆ 1894ರಲ್ಲಿ ಆರಂಭವಾದ ಬಂಗಾರಪೇಟೆ–ಮಾರಿಕುಪ್ಪಂ ರೈಲು ಶಾಖೆಯದು. ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುವ ಈ ಶಾಖೆಯೊಡನೆ ಬಂಗಾರಪೇಟೆ–ಕೋಲಾರ ಶಾಖೆಯನ್ನೂ ಇಟ್ಟುಕೊಂಡು, ಬಂಗಾರಪೇಟೆಯಿಂದ ಹೊರಟವರು ಒಂದು ನಿಲ್ದಾಣವನ್ನು ಸೇರಲು ಯಾವ ನಿಲ್ದಾಣವನ್ನು ಹಾಯಲೇಬೇಕೋ ಅಲ್ಲಿಂದ ಇದಕ್ಕೆ ಬಾಣವಿದೆ ಎಂದು ಭಾವಿಸಿದರೆ, ಆಂಶಿಕ ಕ್ರಮವೊಂದು ಸಿದ್ಧವಾಗುತ್ತದೆ. ಚಾಂಪಿಯನ್‌ನಿಂದ ಮಾರಿಕುಪ್ಪಂಗೆ ಬಾಣವುಂಟು; ಮಾರಿಕುಪ್ಪಂ ಮತ್ತು ಕೋಲಾರಗಳ ನಡುವೆ ಯಾವ ದಿಕ್ಕಿಗೂ ಇಲ್ಲ. ಕ್ಯಾಟಗರಿಯ ಪರಿಭಾಷೆಯಲ್ಲಿ ಎರಡು ವಸ್ತುಗಳ ಗುಣಲಬ್ಧವೆಂದರೆ, ಎರಡಕ್ಕೂ ಬಾಣವುಳ್ಳ ವಸ್ತುಗಳೆಲ್ಲವೂ ಯಾವುದಕ್ಕೆ ಬಾಣ ಹೊಂದಿವೆಯೋ ಆ ವಸ್ತು. ಅದಕ್ಕೂ ಆ ಎರಡರೆಡೆಗೆ ಬಾಣಗಳಿರಬೇಕು. ಆದ್ದರಿಂದ ಮಾರಿಕುಪ್ಪಂ ಮತ್ತು ಕೋಲಾರಗಳ ಗುಣಲಬ್ಧ ಬಂಗಾರಪೇಟೆ. ಉರಿಗಾಂ ಮತ್ತು ಮಾರಿಕುಪ್ಪಂಗಳದು ಉರಿಗಾಂ. ಬಾಣಗಳ ದಿಕ್ಕು ತಿರುಗಿಸಿದಾಗ ಸಿಗುವ ಸಹಗುಣಲಬ್ಧ ಮಾರಿಕುಪ್ಪಂ–ಕೋಲಾರ ಜೋಡಿಗೆ ಇಲ್ಲವೇ ಇಲ್ಲ, ಏಕೆಂದರೆ ಎರಡನ್ನೂ ಹಾದೇ ಸೇರಬೇಕಾದ ನಿಲ್ದಾಣ ಈ ಶಾಖೆಗಳಲ್ಲಿಲ್ಲ.

ಮಾರಿಕುಪ್ಪಂ–ಕುಪ್ಪಂ ಹೊಸ ರೈಲು ಮಾರ್ಗದ ಯೋಜನೆಯನ್ನು ಈ ಚಿತ್ರಕ್ಕೆ ಸೇರಿಸಿದರೆ ವಿಷಯದ ತಿರುಳು ಹೊರಬೀಳುತ್ತದೆ. ಕುಪ್ಪಂ ಬಂಗಾರಪೇಟೆಯಿಂದ ಜೋಲಾರಪೇಟೆಗೆ ಸಾಗುವ ಮುಖ್ಯ ಮಾರ್ಗದಲ್ಲಿರುವುದರಿಂದ, ಆ ದಾರಿ ತೆರೆದ ಬಳಿಕ ಚಾಂಪಿಯನ್ ಹಾಯದೆಯೂ ಮಾರಿಕುಪ್ಪಂ ಸೇರಬಹುದು. ಆಗ ಅವುಗಳ ನಡುವಿನ ಬಾಣ ಅಳಿಯುತ್ತದೆ, ಉರಿಗಾಂ ಮತ್ತು ಮಾರಿಕುಪ್ಪಂಗಳ ಗುಣಲಬ್ಧ ಬಂಗಾರಪೇಟೆಗೆ ಸರಿಯುತ್ತದೆ. ಹಳಿ ಹೆಚ್ಚಿದಾಗ ಬಾಣ ಕಡಿಮೆಯಾಗುವುದು ಮೊದಲ ನೋಟಕ್ಕೆ ವಿರೋಧಾಭಾಸವೆನಿಸಿದರೂ, ಇಲ್ಲಿನ ಬಾಣಗಳು ಹಳಿಯನ್ನಲ್ಲ, ಅನಿವಾರ್ಯತೆಯನ್ನು ಸೂಚಿಸುತ್ತವೆ. ಪರ್ಯಾಯ ಮಾರ್ಗವು ಅನಿವಾರ್ಯತೆಯನ್ನು ಸಡಿಲಿಸಿದಷ್ಟೂ ಕ್ರಮವೂ ಸಡಿಲವಾಗುತ್ತದೆ.