ಪತ್ತೇದಾರನೂ ಕಟಕಟೆಯೂ

ನಮ್ಮಲ್ಲಿ ಅನೇಕರಿಗೆ ಪತ್ತೇದಾರನೆಂದರೆ ಎನ್. ನರಸಿಂಹಯ್ಯನವರ ಪುರುಷೋತ್ತಮನೇ. ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೊಂದರಂತೆ ತಂದು ಓದಿದ ಆ ಕಾದಂಬರಿಗಳು ಎಷ್ಟು ಮಂದಿಗೆ ಕನ್ನಡದ ಓದಿನ ರುಚಿ ಹತ್ತಿಸಿದುವೋ ಲೆಕ್ಕವಿಲ್ಲ. ಆದರೆ ಕಥೆಯ ಪತ್ತೇದಾರನಿಗೆ ಒಂದು ಸೌಕರ್ಯವುಂಟು: ಅಪರಾಧಿ ಸಿಕ್ಕಿದೊಡನೆ ಪುಸ್ತಕ ಮುಗಿಯುತ್ತದೆ. ಆಮೇಲೆ ಅವನನ್ನು ಕಟಕಟೆಗೆ ಹತ್ತಿಸಿ ಪಾಟೀಸವಾಲು ಮಾಡುವ ವಕೀಲನನ್ನು ನಾವು ಕಾಣುವುದಿಲ್ಲ. ಕುಂದಾಪುರದ ನ್ಯಾಯಾಲಯದಲ್ಲಿ ಕರಿಕೋಟು ತೊಟ್ಟು ದಿನ ಕಳೆದ ನನಗೆ ಆ ಮುಂದಿನ ಅಧ್ಯಾಯದ್ದೇ ಕೆಲಸ.

ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆಂದೇ ಒಂದು ಕಾಯ್ದೆಯಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಕಾವಲುಗಾರರನ್ನು ಕುರಿತದ್ದು. ಪತ್ತೇದಾರರಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆಯೊಂದು ಮಂಡಿತವಾಯಿತು, ಅದು ಕಾಯ್ದೆಯಾಗಲಿಲ್ಲ. ಹೀಗಾಗಿ ನಿಮಗೂ ನನಗೂ ಇಲ್ಲದ ಅಧಿಕಾರ ಯಾವುದೂ ಅವನಿಗಿಲ್ಲ. ಅವನು ಮನೆ ಶೋಧಿಸುವಂತಿಲ್ಲ, ಯಾರನ್ನೂ ವಿಚಾರಣೆಗೆ ಕರೆಸುವಂತಿಲ್ಲ, ಇನ್ನೊಬ್ಬರ ಫೋನಿಗೆ ಕಿವಿಗೊಡುವಂತಿಲ್ಲ. ಬೀದಿಯಲ್ಲಿ ನಿಂತು ಯಾರಿಗಾದರೂ ಕಾಣುವುದನ್ನು ತಾನೂ ಕಾಣಬಹುದು. ಯಾರಾದರೂ ಕೇಳಿ ಪಡೆಯಬಹುದಾದ ಕಾಗದವನ್ನು ತಾನೂ ಪಡೆಯಬಹುದು. ಇಷ್ಟರಿಂದ ಏನಾದೀತು ಎನ್ನುವಿರಾ? ಬಹಳ ಆಗುತ್ತದೆ.

ಅಮಾಸೆಬೈಲಿನ ಕಡೆಯ ಹೆಂಗಸೊಬ್ಬರ ಸಂಗತಿಯನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಹೇಳುತ್ತೇನೆ. ಘಟ್ಟದ ಬುಡದ ಆ ಊರುಗಳಿಂದ ಬೆಂಗಳೂರಿಗೆ ಹೋಗಿ ಹೋಟೆಲು ಕಟ್ಟಿದವರು ಬಹಳ. ಈಕೆಯ ಗಂಡನೂ ಹಾಗೆ ಹೋದವರು. ಕೆಲವು ವರ್ಷ ಹಣ ಬಂತು, ಆಮೇಲೆ ನಿಂತಿತು. ಇಬ್ಬರು ಮಕ್ಕಳ ಜೀವನಾಂಶಕ್ಕೆ ಅರ್ಜಿ ಹಾಕಿದರೆ, ತಾನು ಬೇರೆಯವರ ಹೋಟೆಲಿನಲ್ಲಿ ಸಂಬಳದ ಆಳು ಎಂದರು ಆ ಮಹಾಶಯರು. "ಹೋಟ್ಲ್ ಅವ್ರದ್ದೇ ಸಾರ್, ಆರೆ ಹೆಸ್ರ್ ಯಾರದ್ದ್ ಹಾಕಿರೋ ಗೊತ್ತಿಲ್ಲೆ," ಎಂದರು ಈಕೆ. ಪಟ್ಟಣದ ಪತ್ತೇದಾರನೊಬ್ಬ ಅವರನ್ನು ಆಗಲೇ ಕಂಡಿದ್ದ. ಬ್ಯಾಂಕಿನ ಲೆಕ್ಕ, ಫೋನ್ ಕರೆಗಳ ಪಟ್ಟಿ ಎಲ್ಲವನ್ನೂ 'ಒಳಗಿನವರ' ಕೈಯಿಂದ ತರಿಸಿಕೊಡುವೆನೆಂದು ಅವನ ಮಾತು. ಅದಕ್ಕಾಗಿ ಈಕೆ ಕೈಬಳೆ ಮಾರಲು ಹೊರಟಿದ್ದರು.

"ಬಳೆ ಕೈಯಲ್ಲೇ ಇರಲಿ ಅಮ್ಮ," ಎಂದೆ. ಕರೆಗಳ ಪಟ್ಟಿಯನ್ನು ಹೀಗೆ ಕದ್ದು ಮಾರಿದ ಆಪಾದನೆಯ ಮೇಲೆ 2018ರಲ್ಲಿ ಠಾಣೆಯ ಪೊಲೀಸರು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು. ಬ್ಯಾಂಕಿನ ಲೆಕ್ಕ ಬೇಕಾದರೆ ನ್ಯಾಯಾಲಯದ ಮೂಲಕ ತರಿಸಲು ದಾರಿಯಿದೆ. ಬ್ಯಾಂಕು ದೃಢೀಕರಿಸಿ ಕೊಟ್ಟ ನಕಲನ್ನು ಸಾಕ್ಷ್ಯವಾಗಿ ಒಪ್ಪುವ ಕಾಯ್ದೆ 1891ರಿಂದಲೇ ಇದೆ.

ನಾವು ಹಿಡಿದ ದಾರಿ ಒಂದು ಲೋಟ ಕಾಫಿಯದು. ನನ್ನ ಪರಿಚಯದ ಇನ್ನೊಬ್ಬ ಪತ್ತೇದಾರ ಆ ಹೋಟೆಲಿಗೆ ಗಿರಾಕಿಯಾಗಿ ಹೋಗಿ ಕಾಫಿ ಕುಡಿದು ಬಿಲ್ಲು ತಂದ. ಬಿಲ್ಲಿನ ಮೇಲೆ ಜಿ.ಎಸ್.ಟಿ. ಸಂಖ್ಯೆಯಿತ್ತು. ಆ ಸಂಖ್ಯೆಯನ್ನು ಹೊರಗಿನ ನಾಮಫಲಕದಲ್ಲೂ ಬರೆಯಿಸಬೇಕು, ಆಹಾರ ಪರವಾನಗಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂಬುದು ನಿಯಮ. ಸಂಖ್ಯೆ ತಿಳಿದರೆ ಅದು ಯಾವ ಹೆಸರಿನ ವ್ಯವಹಾರವೆಂದು ತೆರಿಗೆ ಇಲಾಖೆಯ ಜಾಲತಾಣವೇ ಹೇಳುತ್ತದೆ. ಇಲ್ಲಿ ಅದೊಂದು ಪಾಲುದಾರಿಕೆಯ ಸಂಸ್ಥೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಗಳ ನೋಂದಣಿ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ನಕಲು ಬಂತು. ಪಾಲುದಾರರ ಪಟ್ಟಿಯಲ್ಲಿ ನಮ್ಮ 'ಸಂಬಳದ ಆಳಿ'ನ ಹೆಸರು ಎರಡನೆಯದು.

ನಾನು ಅದನ್ನು ಒಡನೆಯೇ ಹೊರಗೆಡಹಲಿಲ್ಲ. ಜೀವನಾಂಶದ ಮೊಕದ್ದಮೆಗಳಲ್ಲಿ ಉಭಯಪಕ್ಷದವರೂ ಆಸ್ತಿಪಾಸ್ತಿಯ ಪ್ರಮಾಣಪತ್ರ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ವಿಧಿಸಿದೆ. ಅವರು ಸಂಬಳದ ಲೆಕ್ಕವನ್ನೇ ಪ್ರಮಾಣಪೂರ್ವಕ ಬರೆದುಕೊಟ್ಟರು. ಪಾಟೀಸವಾಲಿನಲ್ಲಿ ನಕಲನ್ನು ಕೈಗಿತ್ತಾಗ ನ್ಯಾಯಾಲಯದ ಫ್ಯಾನಿನ ಸದ್ದು ಕೇಳುವಷ್ಟು ಮೌನ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಆ ಪತ್ತೇದಾರ ಕಟಕಟೆ ಹತ್ತಲೇ ಇಲ್ಲ. ಪತ್ತೇದಾರನ ವರದಿ ಎಷ್ಟೇ ದಪ್ಪವಿರಲಿ, ಅದು ತಾನಾಗಿ ಸಾಕ್ಷ್ಯವಲ್ಲ. ಕಣ್ಣಾರೆ ಕಂಡವನೇ ಬಂದು ಹೇಳಬೇಕು. ಬಂದರೆ ಮೊದಲ ಪ್ರಶ್ನೆ, "ಎಷ್ಟು ಹಣ ಪಡೆದಿರಿ?" ಎಂಬುದು. ತನ್ನ ಮಾತನ್ನು ನೆಚ್ಚಬೇಕಾಗಿಲ್ಲದ ಕಾಗದದ ಬಳಿಗೆ ವಕೀಲನನ್ನು ಒಯ್ದು ನಿಲ್ಲಿಸಿ, ತಾನು ಮರೆಯಾಗುವವನೇ ನನ್ನ ಲೆಕ್ಕದಲ್ಲಿ ಜಾಣ. ಮೊಬೈಲಿನ ಚಿತ್ರವಾದರೂ ಬರಿದೇ ತೋರಿಸಿದರೆ ನಡೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಹಾಜರುಪಡಿಸುವವರದೊಂದು, ತಜ್ಞರದೊಂದು, ಹೀಗೆ ಎರಡು ಭಾಗದ ಪ್ರಮಾಣಪತ್ರ ಬೇಕು.

ಹಾಗಾದರೆ ಕದ್ದು ತಂದ ಸಾಕ್ಷ್ಯವನ್ನು ನ್ಯಾಯಾಲಯ ಎಸೆದುಬಿಡುತ್ತದೆಯೆ? ಇಲ್ಲವೆಂಬುದೇ ವಿಚಿತ್ರ. ಪ್ರಸ್ತುತವಾದ ಸಾಕ್ಷ್ಯವನ್ನು ತಂದ ದಾರಿ ಸರಿಯಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1972ರ ಮಲ್ಕಾನಿ ಪ್ರಕರಣದಲ್ಲೇ ಹೇಳಿತು. ಕದ್ದವನ ಅಪರಾಧ ಬೇರೆ, ಕಾಗದದ ಬೆಲೆ ಬೇರೆ. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಾದಾಗ (ಆ ಅರ್ಜಿದಾರರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆ) ಈ ಮಾತು ಸಡಿಲಾದೀತೆಂದು ಹಲವರು ಎಣಿಸಿದ್ದರು. ಆದರೆ 2025ರ ಜುಲೈಯಲ್ಲಿ, ಗಂಡ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಹೆಂಡತಿಯ ಮಾತನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಒಬ್ಬರ ಮೇಲೊಬ್ಬರು ಹೊಂಚುಹಾಕುವ ಹಂತಕ್ಕೆ ಬಂದ ದಾಂಪತ್ಯ ಆಗಲೇ ಮುರಿದಿದೆಯೆಂಬುದು ಪೀಠದ ತರ್ಕ. ತರ್ಕ ಒಪ್ಪತಕ್ಕದ್ದೇ. ಆದರೂ ಆ ಫೋನಿನ ಬಳಿ ಓಡಾಡುವ ಮಕ್ಕಳನ್ನು ನೆನೆದರೆ ನನಗೆ ಅಳುಕು ಹೋಗಿಲ್ಲ.

ಜಗಳಕ್ಕೆ ಸಂಬಂಧಿಸದ ಮೂರನೆಯವರ ಸಂಗತಿಯೂ ಉಂಟು. ಹೆಂಡತಿಯ ಸಂಬಂಧ ರುಜುವಾತುಪಡಿಸಲು ಇನ್ನೊಬ್ಬನ ಮೊಬೈಲು ಯಾವ ಗೋಪುರದ ಬಳಿಯಿತ್ತೆಂಬ ವಿವರ ತರಿಸಿಕೊಡಿರೆಂದು ಒಬ್ಬ ಗಂಡ ಕೇಳಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯ 2022ರಲ್ಲಿ ಕೂಡದೆಂದಿತು. ಅಮಾಸೆಬೈಲಿನಂಥ ಊರಲ್ಲಿ ಇದರ ತೂಕ ಹೆಚ್ಚು. ಅಲ್ಲಿ ಹೊಸಬನ ವಾಹನ ನಿಂತರೆ ಅಂಗಡಿಯ ಜಗಲಿಯಿಂದ "ಯಾರ್ ಮನಿಗ್ ಹ್ವಾಪ್ದ್?" ಎಂಬ ಪ್ರಶ್ನೆ ಬರುತ್ತದೆ. ಪತ್ತೇದಾರ ಯಾರ ಹೆಸರೆತ್ತಿ ವಿಚಾರಿಸಿದನೋ ಆ ಮನೆಯ ಹುಡುಗಿಯ ಮೇಲೆ ಸಂಜೆಯೊಳಗೆ ಊರು ತೀರ್ಪು ಕೊಟ್ಟಾಗಿರುತ್ತದೆ, ಅದಕ್ಕೆ ಮೇಲ್ಮನವಿಯಿಲ್ಲ.

ಆದ್ದರಿಂದ ಕಕ್ಷಿದಾರರು ಪತ್ತೇದಾರನನ್ನು ನೇಮಿಸುವುದೇ ಆದರೆ, ಅವನು ಏನೇನು ಮಾಡತಕ್ಕದ್ದಲ್ಲ ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಯಿಸಿ ಸಹಿ ಹಾಕಿಸಿಕೊಳ್ಳುತ್ತೇನೆ: ಬೇಲಿ ದಾಟತಕ್ಕದ್ದಲ್ಲ, ಪೊಲೀಸನೆಂದೋ ಸರಕಾರಿ ನೌಕರನೆಂದೋ ಹೇಳಿಕೊಳ್ಳತಕ್ಕದ್ದಲ್ಲ, ಲಂಚ ಕೊಟ್ಟು ಕಾಗದ ತರತಕ್ಕದ್ದಲ್ಲ, ನೆರೆಕರೆಯಲ್ಲಿ ಮೂರನೆಯವರ ಹೆಸರೆತ್ತತಕ್ಕದ್ದಲ್ಲ. ಕೆಲವರು ಓದಿ ನಕ್ಕು ಎದ್ದುಹೋಗಿದ್ದಾರೆ. ಕಾಫಿಯ ಬಿಲ್ಲು ತಂದವನು ಮಾತ್ರ ಸಹಿ ಹಾಕಿ, ಕಾಫಿಯ ದುಡ್ಡನ್ನು ಪ್ರತ್ಯೇಕವಾಗಿ ಕೇಳಿದ.